ಹೈಫಾ ಕಾಲದ ಜೀನು, ಇವತ್ತಿನ ಕುದುರೆ

ಪ್ರಶ್ನೆ: ನಾವು ಮೈಸೂರಿನ ನಾಲ್ಕು ಜನ ಸ್ನೇಹಿತರು. ಕುದುರೆ ಸವಾರಿ ಕಲಿತು ಆರು ವರ್ಷ ಆಯಿತು. ಮೊದಲ ಮಹಾಯುದ್ಧದಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರಿನಲ್ಲಿ 1918ರಲ್ಲಿ ನಡೆದ ಕದನದಲ್ಲಿದ್ದ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ದಳ) ಸವಾರರ ವೇಷದಲ್ಲಿ ಸೆಪ್ಟೆಂಬರ್ 23ರಂದು ಸವಾರಿ ಮಾಡಬೇಕು ಅನ್ನುವ ಆಸೆ. ಕಾನ್‌ಪುರದಲ್ಲಿ ಬ್ರಿಟಿಷ್ ಸೈನ್ಯದ 1912ರ ಮಾದರಿಯ ಜೀನು ಹೊಸದಾಗಿ ಮಾಡಿಕೊಡುತ್ತಾರಂತೆ. ಫೋಟೋದಲ್ಲಿ ತುಂಬಾ ಚೆನ್ನಾಗಿದೆ. ನನ್ನದು ಕುಣಿಗಲ್‌ನಲ್ಲಿ ಹುಟ್ಟಿದ, ರೇಸ್ ಬಿಟ್ಟ 9 ವರ್ಷದ ಹೆಣ್ಣು ಕುದುರೆ. ಈ ಜೀನು ಹಾಕಿ ನಿಜವಾಗಿ ಸವಾರಿ ಮಾಡಬಹುದಾ, ಅಥವಾ ಬರೀ ಪ್ರದರ್ಶನಕ್ಕಾ? ಏನೇನು ನೋಡಿ ಕೊಳ್ಳಬೇಕು?

ಉತ್ತರ: ಸವಾರಿ ಮಾಡಬಹುದು. ಆದರೆ ಆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಮೊದಲು ನಿಮ್ಮ ಕುದುರೆಯ ಬೆನ್ನಿನ ಅಳತೆ ತೆಗೆಯಿರಿ, ಜೀನಿನ ಮಾತು ಆಮೇಲೆ. ನಾನು ಮೂವತ್ತು ವರ್ಷದಿಂದ ಜೀನು ಹೊಲಿಯುವುದು, ರಿಪೇರಿ ಮಾಡುವುದು ಇದೇ ಕೆಲಸದಲ್ಲಿದ್ದೇನೆ. ನನ್ನ ಹತ್ತಿರ ಬಂದ ಹಳೇ ಮಾದರಿಯ ಹೊಸ ಜೀನುಗಳಲ್ಲಿ ಮೇಲಿನ ಚರ್ಮ ಕೆಟ್ಟಿದ್ದು ಕಡಿಮೆ, ಒಳಗಿನ ಚೌಕಟ್ಟು ಕೆಟ್ಟಿದ್ದೇ ಜಾಸ್ತಿ. ಆ ಚೌಕಟ್ಟು ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ, ಅದಕ್ಕೇ ಈ ಮಾತು.

ನೀವು ಹೇಳುತ್ತಿರುವುದು ಯೂನಿವರ್ಸಲ್ ಪ್ಯಾಟರ್ನ್ ಜೀನು. ಎಲ್ಲರೂ ಯು.ಪಿ. ಅಂತಲೇ ಕರೆಯುತ್ತಾರೆ. 1890ರಿಂದ ಅದನ್ನು ಮತ್ತೆ ಮತ್ತೆ ತಿದ್ದಿದರು. 1902ರಲ್ಲಿ ಒಂದು ರೂಪ, 1912ರಲ್ಲಿ ಇನ್ನೊಂದು. ಅಷ್ಟೊಂದು ತಿದ್ದಿದ್ದಕ್ಕೆ ಕಾರಣ ಕುದುರೆಗಳ ಬೆನ್ನಿನ ಹುಣ್ಣು. ಒಂದು ಸೈನ್ಯದ ಕುದುರೆ ದಿನಗಟ್ಟಲೆ ಜೀನು ಹೊತ್ತು ನಡೆಯುತ್ತಿತ್ತು. ಸವಾರ, ಕೋವಿ, ಗುಂಡು, ಕೋಟು, ಹುರುಳಿ ಚೀಲ ಎಲ್ಲಾ ಸೇರಿ ಸುಮಾರು 120 ಕಿಲೋ ಭಾರ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, ಅಂದರೆ 1899ರಿಂದ 1902ರ ಒಳಗೆ, ಬ್ರಿಟಿಷರು 3 ಲಕ್ಷಕ್ಕೂ ಜಾಸ್ತಿ ಕುದುರೆ ಕಳೆದುಕೊಂಡರು. ಗುಂಡು ತಾಗಿ ಸತ್ತದ್ದು ಅದರಲ್ಲಿ ಸ್ವಲ್ಪ. ಹಸಿವು, ಸುಸ್ತು, ರೋಗ, ಕೆಟ್ಟ ಆರೈಕೆ, ಇವೇ ಹೆಚ್ಚು ಕೊಂದವು. ಆ ಪಾಠ ಕಲಿತ ಮೇಲೆ ಬಂದದ್ದು 1912ರ ಮಾದರಿ.

ಅದರಲ್ಲಿ ಎರಡು ಪಕ್ಕ ಎರಡು ಮರದ ಹಲಗೆ ಇರುತ್ತವೆ. ಬೆನ್ನುಮೂಳೆಯ ಆಚೆ ಒಂದು, ಈಚೆ ಒಂದು. ಮುಂದೆ ಒಂದು, ಹಿಂದೆ ಒಂದು ಉಕ್ಕಿನ ಕಮಾನು ಅವನ್ನು ಸೇರಿಸುತ್ತದೆ. ಕಮಾನು ಹಲಗೆಗೆ ಕೂಡುವ ಕಡೆ ಕೀಲು ಇದೆ. ಕುದುರೆ ದಪ್ಪಗಿದ್ದರೂ, ದಂಡಯಾತ್ರೆಯಲ್ಲಿ ಸೊರಗಿದರೂ, ಹಲಗೆ ಸ್ವಲ್ಪ ವಾಲಿ ಬೆನ್ನಿಗೆ ಒರಗುತ್ತದೆ. ಇದೇ ಆ ಜೀನಿನ ಜೀವ. ನಾನು ನೋಡಿದ ಕೆಲವು ಹೊಸ ಜೀನುಗಳಲ್ಲಿ ಈ ಕೀಲು ಬರೀ ನೋಡುವುದಕ್ಕೆ ಇತ್ತು. ಒಂದರಲ್ಲಿ ಅದನ್ನು ವೆಲ್ಡಿಂಗ್ ಮಾಡಿ ಬಿಗಿದುಬಿಟ್ಟಿದ್ದರು. ಮೇಲೆ ಬಣ್ಣ ಬಳಿದಿತ್ತು, ಬೆರಳಿನಲ್ಲಿ ಕೆರೆದಾಗ ಗೊತ್ತಾಯಿತು. ಅಂಥ ಜೀನು ಗೋಡೆಗೆ ತೂಗುಹಾಕುವುದಕ್ಕೆ ಪರವಾಗಿಲ್ಲ. ಕುದುರೆ ಮೇಲೆ ಬೇಡ.

ಕಾನ್‌ಪುರದ ಬಗ್ಗೆ ನಿಮಗೆ ಅನುಮಾನ ಬೇಡ. ಅಮೆರಿಕದ ಅಂತರ್ಯುದ್ಧದ ಮೆಕ್‌ಲೆಲನ್ ಜೀನು, ಜರ್ಮನ್ ಸೈನ್ಯದ ಜೀನು, ಬ್ರಿಟಿಷರ ಯು.ಪಿ. ಎಲ್ಲವನ್ನೂ ಹೊರದೇಶದ ಇತಿಹಾಸಪ್ರಿಯ ಸವಾರರಿಗೆ ಮಾಡಿ ಕಳಿಸುವ ಊರು ಅದು. ಕಾರಣ ಹಳೆಯದು. 19ನೇ ಶತಮಾನದಲ್ಲೇ ಸರ್ಕಾರ ಅಲ್ಲಿ ಸೈನ್ಯಕ್ಕೆ ಜೀನು, ಸರಂಜಾಮು ಮಾಡುವ ಕಾರ್ಖಾನೆ ತೆರೆದಿತ್ತು. ಮೊದಲ ಮಹಾಯುದ್ಧದಲ್ಲಿ ಭಾರತದ ಸವಾರರ ಸಾಮಾನು ಹೋದದ್ದೂ ಅಲ್ಲಿಂದಲೇ. ಹಾಗಾಗಿ ನೀವು ಕಾನ್‌ಪುರದ ಜೀನು ಕೊಂಡರೆ ನಕಲಿ ಊರಿನಿಂದ ತಂದ ಹಾಗಲ್ಲ, ಅಸಲಿ ಊರಿನಿಂದಲೇ ತಂದ ಹಾಗೆ. ಅಲ್ಲಿ ಕೈಕೆಲಸ ಅದ್ಭುತವಾಗಿ ಬಲ್ಲವರು ಇದ್ದಾರೆ. ಅದೇ ಗಲ್ಲಿಯಲ್ಲಿ ಬೆಲೆ ಇಳಿಸುವುದಕ್ಕೆ ಒಳಗೆ ಏನೇನೋ ತುಂಬುವವರೂ ಇದ್ದಾರೆ. ನೀವು ಏನು ಕೇಳುತ್ತೀರೋ ಅದು ಸಿಗುತ್ತದೆ. "ನೋಡೋಕೆ ಹಳೇದರ ಥರ ಇರಲಿ" ಅಂದರೆ ನೋಡುವುದಕ್ಕೆ ಮಾತ್ರ ಹಾಗಿರುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಜೀನಗಾರ ಅನ್ನುವ ಮನೆತನದ ಹೆಸರು ಇವತ್ತಿಗೂ ಇದೆ, ಜೀನು ಮಾಡುವವರು ಅಂತ ಅರ್ಥ. ಆ ಕಸುಬು ನಮ್ಮಲ್ಲಿ ಹೆಚ್ಚು ಕಡಿಮೆ ನಿಂತುಹೋಯಿತು ಅನ್ನುವುದು ನನಗೆ ಬೇಸರ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನೇ ಒಂದು ಕಡೆಯಿಂದ ಇಂಥ ಜೀನು ತರಿಸಿದೆ. ಬಣ್ಣ, ಹೊಲಿಗೆ, ಹಿತ್ತಾಳೆ ಎಲ್ಲಾ ಚೆಂದ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗ ಹತ್ತಿ ಟ್ರಾಟ್, ಅಂದರೆ ಕುಲುಕು ಓಟ, ಶುರು ಮಾಡಿದ. ಎರಡನೇ ಸುತ್ತಿನಲ್ಲಿ ಸವಾರ ಕಾಲಿಡುವ ರಿಕಾಪು ಇದೆಯಲ್ಲ, ಎಡಗಡೆಯ ಅದರ ಪಟ್ಟಿ ಬಕಲ್ ಹತ್ತಿರ ಪಟ್ಟಂತ ಹರಿಯಿತು. ಹುಡುಗ ಭುಜದ ಮೇಲೆ ಬಿದ್ದ, ಕಾಲರ್ ಮೂಳೆ ಮುರಿಯಿತು. ಹರಿದ ತುದಿ ಕೈಯಲ್ಲಿ ಹಿಡಿದು ನೋಡಿದೆ. ಮೇಲೊಂದು ತೆಳು ಚರ್ಮ, ಕೆಳಗೊಂದು ತೆಳು ಚರ್ಮ, ಮಧ್ಯೆ ರಟ್ಟಿನಂಥ ಒತ್ತಿದ ಹಾಳೆ. ಅಂಚಿಗೆ ಕಂದು ಬಣ್ಣ ಬಳಿದಿದ್ದರಿಂದ ಮೂರು ಪದರ ಕಂಡಿರಲಿಲ್ಲ. ಹತ್ತಿಸುವ ಮುಂಚೆ ನಾನು ಆ ಪಟ್ಟಿಯನ್ನು ಬಗ್ಗಿಸಿ ನೋಡಬೇಕಿತ್ತು. ನೋಡಲಿಲ್ಲ. ಅವತ್ತಿನಿಂದ ಯಾವ ಹೊಸ ಜೀನು ಬಂದರೂ ರಿಕಾಪಿನ ಪಟ್ಟಿ ಮತ್ತು ಗರ್ತ್ (ಕುದುರೆಯ ಹೊಟ್ಟೆ ಸುತ್ತ ಜೀನು ಬಿಗಿಯುವ) ಪಟ್ಟಿ ಎರಡನ್ನೂ ಬಿಚ್ಚಿ ಪಕ್ಕಕ್ಕೆ ಇಡುತ್ತೇನೆ, ನಂಬಿಕೆಯ ಚರ್ಮದಲ್ಲಿ ಹೊಸದಾಗಿ ಮಾಡುತ್ತೇನೆ. ನೀವೂ ಹಾಗೇ ಮಾಡಿ. ಜೀವ ನಿಂತಿರುವುದು ಆ ನಾಲ್ಕು ಪಟ್ಟಿಗಳ ಮೇಲೆ.

ಚರ್ಮ ನೋಡುವುದು ಹೇಗೆ ಅಂತ ಕೇಳಿದರೆ, ಒಳಮೈ ಹೊರಗೆ ಬರುವ ಹಾಗೆ ಪಟ್ಟಿಯನ್ನು ಬಿಗಿಯಾಗಿ ಮಡಚಿ, ಆಮೇಲೆ ಹೊರಮೈ ಹೊರಗೆ ಬರುವ ಹಾಗೆ ಮಡಚಿ. ಒಳ್ಳೆಯ ಚರ್ಮದಲ್ಲಿ ಸಣ್ಣ ಸುಕ್ಕು ಬಿದ್ದು ಬಿಟ್ಟ ಕೂಡಲೇ ಹೋಗುತ್ತದೆ. ಕಳಪೆ ಆದರೆ ಮೇಲ್ಮೈ ಬಿರುಕು ಬಿಡುತ್ತದೆ, ಬಣ್ಣದ ಪುಡಿ ಉದುರುತ್ತದೆ. ತೊಗಟೆಯಲ್ಲಿ ಹದ ಮಾಡಿದ ಚರ್ಮವೇ ಬೇಕು ಅಂತ ಕೇಳಿ. ನಮ್ಮಲ್ಲಿ ಎಮ್ಮೆ ಚರ್ಮ ಜಾಸ್ತಿ ಬಳಸುತ್ತಾರೆ. ದಪ್ಪ ಇರುವ ಕಡೆಗೆ ಅದು ನಡೆಯುತ್ತದೆ. ಎಳೆತ ಬೀಳುವ ಪಟ್ಟಿಗಳಿಗೆ ಹಸುವಿನ ಚರ್ಮದ ಬೆನ್ನ ಭಾಗವೇ ಒಳ್ಳೆಯದು, ಅದರ ನಾರು ಬಿಗಿ. ಹೊಲಿಗೆಯನ್ನೂ ನೋಡಿ. ಎರಡು ಸೂಜಿ ಹಿಡಿದು, ಮೇಣ ಸವರಿದ ದಾರದಲ್ಲಿ ಕೈಯಲ್ಲಿ ಹೊಲಿದಿದ್ದರೆ ಒಂದು ಹೊಲಿಗೆ ಹರಿದರೂ ಪಕ್ಕದ್ದು ಹಿಡಿದು ನಿಲ್ಲುತ್ತದೆ. ಮಷೀನ್ ಹೊಲಿಗೆ ಒಂದು ಕಡೆ ಬಿಟ್ಟರೆ ಹಾಗೇ ಬಿಚ್ಚಿಕೊಂಡು ಹೋಗಬಹುದು. ಭಾರ ಬೀಳದ ಕಡೆ ಮಷೀನ್ ಇರಲಿ, ನನ್ನ ತಕರಾರಿಲ್ಲ. ಬಕಲ್‌ಗಳಿಗೆ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆಗೆ ಅದು ಅಂಟಬಾರದು. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆ ಬಣ್ಣ. ಅಂಟದಿದ್ದರೂ ಸುಮ್ನೆ ಸಮಾಧಾನ ಪಡಬೇಡಿ, ಸತುವಿನ ಅಗ್ಗದ ಎರಕಕ್ಕೂ ಅಂಟುವುದಿಲ್ಲ. ಕಾಣದ ಕಡೆ ಅರದಿಂದ ಒಂದು ಗೀರು ಹಾಕಿ. ಒಳಗೆ ಬೂದು ಬಣ್ಣ ಕಂಡರೆ ವಾಪಸ್ ಕಳಿಸಿ.

ಈಗ ಕುದುರೆಗೆ ಬರೋಣ. ಆಗಿನ ಭಾರತದ ಸವಾರರಲ್ಲಿ ತುಂಬಾ ಜನರ ಹತ್ತಿರ ಇದ್ದದ್ದು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದ ವೇಲರ್ ಕುದುರೆಗಳು. ಗಟ್ಟಿ ಮೈ, ದುಂಡು ಪಕ್ಕೆ. ನಿಮ್ಮದು ಥರೋಬ್ರೆಡ್, ರೇಸ್‌ಗೆ ಬೆಳೆಸುವ ತಳಿ. ಕುಣಿಗಲ್ ಅಂದರೆ ಟಿಪ್ಪು ಕಾಲದಿಂದ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ, ಆ ಲೆಕ್ಕದಲ್ಲಿ ನಿಮ್ಮ ಕುದುರೆ ಸರಿಯಾದ ಊರಿನದೇ. ಆದರೆ ರೇಸ್ ತಳಿಯ ಬೆನ್ನು ಬೇರೆ. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಎದ್ದಿರುವ ದಿಬ್ಬವನ್ನು ಲಾಯದಲ್ಲಿ ವಿದರ್ಸ್ ಅನ್ನುತ್ತೇವೆ ಅಲ್ವಾ, ರೇಸ್ ಕುದುರೆಗೆ ಅದು ಎತ್ತರ, ಚೂಪು. ಅದರ ಹಿಂದೆ ಎರಡೂ ಕಡೆ ಮಾಂಸ ಕಡಿಮೆ, ಗುಳಿ ಬಿದ್ದ ಹಾಗೆ. ಅಗಲವಾದ ಬೆನ್ನಿಗೆ ಮಾಡಿದ ಜೀನು ಹಾಕಿದರೆ ಮುಂದಿನ ಕಮಾನು ಇಳಿದು ನೇರ ಮೂಳೆ ಮೇಲೆ ಕೂರುತ್ತದೆ.

ಅಳತೆಗೆ ದೊಡ್ಡ ಸಾಮಾನು ಬೇಡ. ಮನೆ ವೈರಿಂಗ್‌ಗೆ ಬಳಸುವ ದಪ್ಪ ತಾಮ್ರದ ವೈರ್ ಒಂದು ಮೀಟರ್ ತನ್ನಿ. ಕುದುರೆಯನ್ನು ಸಮ ನೆಲದಲ್ಲಿ ನಾಲ್ಕು ಕಾಲೂ ಸರಿಯಾಗಿ ಊರಿಸಿ ನಿಲ್ಲಿಸಿ. ಭುಜದ ಹಲಗೆ ಮೂಳೆ ಎಲ್ಲಿ ಮುಗಿಯುತ್ತದೆ ಅಂತ ಕೈಯಲ್ಲಿ ಒತ್ತಿ ಹುಡುಕಿ, ಅದರ ಎರಡು ಬೆರಳು ಹಿಂದೆ ವೈರನ್ನು ಬೆನ್ನಿನ ಮೇಲೆ ಅಡ್ಡ ಇಟ್ಟು ಎರಡೂ ಕಡೆ ಮೈಗೆ ಅಂಟುವ ಹಾಗೆ ಒತ್ತಿ. ಆಕಾರ ಕೆಡದ ಹಾಗೆ ಎತ್ತಿ ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಒಂದು ಗೇಣು ಹಿಂದೆ ಇನ್ನೊಂದು, ಕೊನೆಯ ಪಕ್ಕೆಲುಬಿನ ಹತ್ತಿರ ಮೂರನೆಯದು. ಉದ್ದಕ್ಕೆ ಬೆನ್ನಿನ ಮೇಲೆ ಒಂದು. ರಟ್ಟು ಕತ್ತರಿಸಿ ಮತ್ತೆ ಕುದುರೆ ಮೇಲಿಟ್ಟು ಕೂರುತ್ತದಾ ನೋಡಿ. ಆ ನಾಲ್ಕು ರಟ್ಟುಗಳನ್ನೇ ಪಾರ್ಸೆಲ್ ಮಾಡಿ ಕಾನ್‌ಪುರಕ್ಕೆ ಕಳಿಸಿ. "ಈ ಆಕಾರಕ್ಕೆ ಹಲಗೆ ಕೊಡಿ, ಚರ್ಮ ಹೊದಿಸುವ ಮುಂಚೆ ಬರೀ ಚೌಕಟ್ಟಿನ ಫೋಟೋ ಕಳಿಸಿ" ಅಂತ ಹೇಳಿ. ಕೆಲಸ ಬಲ್ಲವರಾದರೆ ಅವರಿಗೆ ಖುಷಿಯೇ ಆಗುತ್ತದೆ. ಚೌಕಟ್ಟಿನ ಫೋಟೋ ಕೊಡಲ್ಲ ಅಂದವರ ಹತ್ತಿರ ಕೊಳ್ಳಬೇಡಿ.

ಜೀನು ಬಂದ ದಿನ ಕಂಬಳಿ ಇಲ್ಲದೆ ಬರೀ ಬೆನ್ನಿನ ಮೇಲಿಡಿ. ಹಲಗೆಯ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ನಿಧಾನ ಜಾರಿಸಿ. ಎಲ್ಲಾ ಕಡೆ ಒಂದೇ ಸಮ ಒತ್ತಬೇಕು. ಒಂದು ಕಡೆ ಬೆರಳು ಸಿಕ್ಕಿಕೊಂಡು ಇನ್ನೊಂದು ಕಡೆ ಗಾಳಿ ಆಡಿದರೆ ಆ ಸಿಕ್ಕಿಕೊಂಡ ಕಡೆಯೇ ನಾಳೆ ಹುಣ್ಣು. ಇನ್ನೂ ಖಚಿತ ಆಗಬೇಕು ಅಂದರೆ ಹಲಗೆಯ ಅಡಿಗೆ ಟಾಲ್ಕಂ ಪೌಡರ್ ಸವರಿ ಇಟ್ಟು ಎತ್ತಿ. ಬೆನ್ನಿನ ಮೇಲೆ ಬಿಳಿ ಗುರುತು ಉದ್ದಕ್ಕೆ, ಸಮವಾಗಿ ಮೂಡಬೇಕು. ಆಮೇಲೆ ಕಂಬಳಿ ಹಾಕಿ, ಗರ್ತ್ ಬಿಗಿದು, ಸವಾರ ಹತ್ತಿ ಮುಂದಕ್ಕೆ ಬಾಗಿದಾಗಲೂ ಮುಂದಿನ ಕಮಾನಿನ ಕೆಳಗೆ ಎರಡು ಬೆರಳು ಆಡಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನುಮೂಳೆಯ ಮೇಲೆ ಸುರಂಗದ ಹಾಗೆ ಬೆಳಕು ಕಾಣಬೇಕು. ಭುಜದ ಹಲಗೆ ಮೂಳೆ ಆಡುವುದಕ್ಕೆ ಜಾಗ ಇರಬೇಕು, ಸೊಂಟದ ಮೇಲೆ ಭಾರ ಬೀಳಬಾರದು. ಹಳೇ ಸೈನ್ಯದವರ ನಿಯಮವೂ ಇಷ್ಟೇ.

ಜೀನಿನ ಕೆಳಗೆ ಹಾಕುವುದು ನಮ್ದಾ, ಅಂದರೆ ಉಣ್ಣೆ ಒತ್ತಿ ಮಾಡಿದ ದಪ್ಪ ಹಾಸು, ಮತ್ತು ಮಡಿಸಿದ ಉಣ್ಣೆ ಕಂಬಳಿ. ಇಂಗ್ಲಿಷಿನವರ ನಮ್ನಾ ಅನ್ನುವ ಪದ ನಮ್ಮ ಈ ನಮ್ದಾದಿಂದಲೇ ಹೋದದ್ದು. ಕುದುರೆ ಸೊರಗಿದಾಗ ಕಂಬಳಿಯ ಮಡಿಕೆ ಬದಲಿಸಿ ಜೀನು ಸರಿ ಮಾಡಿಕೊಳ್ಳುತ್ತಿದ್ದರು. ಅದು ಸೊಗಸಾದ ಉಪಾಯ, ಆದರೆ ಸರಿ ಇಲ್ಲದ ಚೌಕಟ್ಟಿಗೆ ಕಂಬಳಿ ಪರಿಹಾರ ಆಗಲ್ಲ. ಚಿಕ್ಕ ಚಪ್ಪಲಿಗೆ ದಪ್ಪ ಕಾಲುಚೀಲ ಹಾಕಿದ ಹಾಗೆ ಇನ್ನೂ ಒತ್ತುತ್ತದೆ. ನಮ್ಮ ಕುರಿ ಕಂಬಳಿ ಹಾಕಬಹುದಾ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಹೊಸ ಕಂಬಳಿ ಒರಟು, ಚುಚ್ಚುತ್ತದೆ. ನಾಲ್ಕೈದು ಸಲ ಒಗೆದು ಮೆತ್ತಗಾದದ್ದು ಆಗಬಹುದು. ಎರಡು ತುಂಡು ಜೋಡಿಸಿ ಹೊಲಿದ ಕಂಬಳಿ ಆದರೆ ಆ ಜೋಡಣೆ ಗೆರೆ ಜೀನಿನ ಕೆಳಗೆ ಎಲ್ಲೂ ಬರಬಾರದು. ಜೀನು ಇಟ್ಟ ಮೇಲೆ ಕಂಬಳಿಯನ್ನು ಕಮಾನಿನೊಳಕ್ಕೆ ಬೆರಳಿನಲ್ಲಿ ಎತ್ತಿಬಿಡಿ. ವಿದರ್ಸ್ ಮೇಲೆ ಅದು ಬಿಗಿದು ಕೂತರೆ ಬಟ್ಟೆಯೇ ಗಾಯ ಮಾಡುತ್ತದೆ.

ಕಡಿವಾಣದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಆಗಿನ ಸೈನ್ಯದ ಬಿಟ್, ಅಂದರೆ ಕುದುರೆಯ ಬಾಯಿಗೆ ಹಾಕುವ ಲೋಹದ ಭಾಗ, ಉದ್ದ ಕಂಬಿಯದು, ಗದ್ದದ ಕೆಳಗೆ ಸರಪಳಿ. ಲಗಾಮು ಕೆಳಗಿನ ಕಿಂಡಿಗೆ ಹಾಕಿದರೆ ಸನ್ನೆಗೋಲಿನ ಹಾಗೆ ಬಲ ಹೆಚ್ಚುತ್ತದೆ. ಬಾಯಿಯ ಭಾಗ ಒಂದು ಮೈ ನುಣುಪು, ಇನ್ನೊಂದು ಮೈ ಗೀರು ಗೀರು, ತಿರುಗಿಸಿ ಹಾಕುವ ಹಾಗೆ ಮಾಡಿರುತ್ತಾರೆ. ನಿಮ್ಮ ಕುದುರೆ ಜೀವನವೆಲ್ಲಾ ಸ್ನಾಫಲ್‌ನಲ್ಲಿ, ಅಂದರೆ ಉದ್ದ ಕಂಬಿ, ಸರಪಳಿ ಇಲ್ಲದ ಸಾದಾ ಬಿಟ್‌ನಲ್ಲಿ, ಓಡಿದ್ದು. ಅದಕ್ಕೆ ಏಕಾಏಕಿ ಇದು ಹಾಕಿ, ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಈಟಿ ಹಿಡಿದು ಹೊರಟರೆ ನೀವು ಸ್ವಲ್ಪ ತೂಕ ತಪ್ಪಿದರೂ ಅದರ ಬಾಯಿಗೆ ಏಟು. ನುಣುಪು ಮೈ ಮಾತ್ರ ಬಳಸಿ, ಲಗಾಮು ಮೇಲಿನ ಬಳೆಗೇ ಕಟ್ಟಿ. ಸರಪಳಿಯನ್ನು ಬಲಕ್ಕೆ ತಿರುಚಿ ಚಪ್ಪಟೆ ಮಾಡಿ, ಎರಡು ಬೆರಳು ಹಿಡಿಯುವಷ್ಟು ಸಡಿಲ ಬಿಡಿ. ದೂರದಿಂದ ನೋಡುವವರಿಗೆ ಬಿಟ್ ಅಸಲಿಯ ಹಾಗೇ ಕಾಣುತ್ತದೆ. ಬಿಟ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಹೊಳಪಿನ ಲೇಪ ಹಾಕಿದ್ದು ಆರು ತಿಂಗಳಲ್ಲಿ ಸುಲಿದು ನಾಲಿಗೆ ಕೊಯ್ಯುತ್ತದೆ. ರಿಕಾಪು ನಿಮ್ಮ ಬೂಟಿಗಿಂತ ಒಂದು ಇಂಚಾದರೂ ಅಗಲ ಇರಬೇಕು, ಬಿದ್ದಾಗ ಕಾಲು ಸಲೀಸಾಗಿ ಕಳಚಬೇಕು.

ಭಾರವನ್ನು ಅಸಲಿಯ ಹಾಗೆ ಹೊರಿಸಬೇಡಿ. 450 ಕಿಲೋ ತೂಗುವ ಕುದುರೆಗೆ ಜೀನು ಸೇರಿ 90 ಕಿಲೋ ಒಳಗಿದ್ದರೆ ಒಳ್ಳೆಯದು. ಜೀನಿನ ಮುಂದಿನ ಜೋಡಿ ಚೀಲಕ್ಕೆ, ಹಿಂದೆ ಸುತ್ತಿ ಕಟ್ಟಿದ ಕೋಟಿಗೆ ಒಳಗೆ ಸ್ಪಂಜು ತುಂಬಿ. ಲಾಳದ ಚೀಲದಲ್ಲಿ ಲಾಳ ಇಡುವುದೇ ಬೇಡ. ಎಡಗಡೆ ಕತ್ತಿ, ಬಲಗಡೆ ಹಿಂದೆ ಕೋವಿಯ ಚರ್ಮದ ಬುಟ್ಟಿ ತೂಗುತ್ತದೆ. ಎರಡು ಪಕ್ಕದ ತೂಕವನ್ನೂ ಲಗೇಜ್ ತಕ್ಕಡಿಯಲ್ಲಿ ತೂಗಿ ಸಮ ಮಾಡಿ. ಒಂದು ಪಕ್ಕ ಭಾರ ಜಾಸ್ತಿ ಆದರೆ ಜೀನು ಆ ಕಡೆ ಎಳೆಯುತ್ತದೆ, ಎದುರಿನ ಹಲಗೆಯ ಒಳ ಅಂಚು ಬೆನ್ನುಮೂಳೆಗೆ ತಾಗುತ್ತದೆ.

ಈಟಿಗೆ ಬಿದಿರು. ಬ್ರಿಟಿಷ್ ಸೈನ್ಯದ 1868ರ ಮಾದರಿಯ ಈಟಿ ಸುಮಾರು 9 ಅಡಿ ಉದ್ದ, ಒಳಗೆ ಟೊಳ್ಳಿಲ್ಲದ ಗಂಡು ಬಿದಿರಿನದು. ನಮ್ಮ ಕಾಡಿನ ಗಟ್ಟಿ ಬಿದಿರೇ ಸಾಕು. ತುದಿಗೆ ಉಕ್ಕು ಬೇಡ, ಬಣ್ಣ ಬಳಿದ ಗಟ್ಟಿ ರಬ್ಬರ್ ಹಾಕಿ. ಕತ್ತಿಯ ಅಲಗು ಮೊಂಡಾಗಿರಲಿ. ಹರಿತವಾದ ಉದ್ದ ಅಲಗು ಆಯುಧ ಕಾಯ್ದೆಯ ಒಳಗೆ ಬರಬಹುದು, ಮೆರವಣಿಗೆಗೆ ಮುಂಚೆ ಪೊಲೀಸ್ ಠಾಣೆಯಲ್ಲಿ ಮಾತಾಡಿ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಈಟಿ ಹಿಡಿಯುವುದನ್ನು ಕಲಿಯುವುದಕ್ಕೆ ನೀವು ಒಳ್ಳೆಯ ಊರಿನಲ್ಲೇ ಇದ್ದೀರಿ. ದಸರೆಯ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ದಳದವರು ಟೆಂಟ್ ಪೆಗ್ಗಿಂಗ್ (ಕುದುರೆ ಓಡಿಸುತ್ತಾ ನೆಲದ ಗೂಟವನ್ನು ಈಟಿಯಲ್ಲಿ ಕೀಳುವ ಆಟ) ಮಾಡುವುದನ್ನು ಬನ್ನಿಮಂಟಪದಲ್ಲಿ ನೋಡಿರುತ್ತೀರಿ. ಈಟಿಯ ತುದಿ ಗೂಟಕ್ಕೆ ತಾಗಿದ ಮೇಲೆ ಅವರ ತೋಳು ಹಿಂದಕ್ಕೆ ಹೇಗೆ ಸುತ್ತುತ್ತದೆ ಅಂತ ಮುಂದಿನ ಸಲ ಗಮನಿಸಿ. ತೋಳು ಬಿಗಿ ಹಿಡಿದರೆ ಭುಜವೇ ಕಿತ್ತು ಬರುತ್ತದೆ. ಅಭ್ಯಾಸದ ದಿನಗಳಲ್ಲಿ ಹೆಲ್ಮೆಟ್ ಹಾಕಿ, ರುಮಾಲು ನಡಿಗೆಯ ಸವಾರಿಗೆ ಮಾತ್ರ.

ವೇಷದ ನಿಖರತೆಗೆ ಒಂದು ಮಾತು. ಜೋಧಪುರ, ಮೈಸೂರು, ಹೈದರಾಬಾದ್ ಪಡೆಗಳು ಇಂಪೀರಿಯಲ್ ಸರ್ವಿಸ್ ಪಡೆಗಳು, ಅವುಗಳನ್ನು ಸಾಕಿದ್ದು ಆಯಾ ಸಂಸ್ಥಾನ. ಹಾಗಾಗಿ "ಬ್ರಿಟಿಷ್ ಸವಾರರ ಹತ್ತಿರ ಇತ್ತು, ಮೈಸೂರಿನವರ ಹತ್ತಿರವೂ ಇತ್ತು" ಅಂತ ಎಲ್ಲಾ ಸಾಮಾನಿಗೂ ಅಂದುಕೊಳ್ಳಬೇಡಿ. ಒಂದೊಂದು ಬಕಲ್‌ಗೂ ಆಗಿನ ಫೋಟೋ ಇಟ್ಟುಕೊಳ್ಳಿ. ಹೈಫಾ ಬೀದಿಯಲ್ಲಿ ಭಾರತದ ಸವಾರರು ಸಾಗುತ್ತಿರುವ 1918ರ ಫೋಟೋ ಇದೆ. ಅದನ್ನು ದೊಡ್ಡದು ಮಾಡಿ ಎದೆಪಟ್ಟಿ, ಕುದುರೆ ಕತ್ತಿನ ಹಗ್ಗ, ಮುಂದಿನ ಚೀಲ ನೋಡಿ. ದೆಹಲಿಯ ತೀನ್ ಮೂರ್ತಿ ಈ ಮೂರು ಪಡೆಗಳದೇ ಸ್ಮಾರಕ, ಅಲ್ಲಿನ ಮೂರು ಕಂಚಿನ ಸವಾರರು ಸಮವಸ್ತ್ರ ನೋಡುವುದಕ್ಕೆ ಸಹಾಯ ಆಗುತ್ತಾರೆ. ಅವರು ನೆಲದ ಮೇಲೆ ನಿಂತಿರುವುದರಿಂದ ಜೀನಿಗೆ ಅಲ್ಲಿ ಸುಳಿವಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಹೋಗಿಲ್ಲದಿದ್ದರೆ ಒಮ್ಮೆ ಹೋಗಿಬನ್ನಿ. ಹೈಫಾದಲ್ಲಿ ಅವತ್ತು ನಮ್ಮ ಕಡೆಯ 8 ಜನ ಸತ್ತರು, 34 ಜನ ಗಾಯಗೊಂಡರು. ಕುದುರೆಗಳು 60 ಸತ್ತವು, 83 ಗಾಯಗೊಂಡವು. ನೀವು ವೇಷ ಹಾಕುವಾಗ ಆ ಕುದುರೆಗಳ ಪಾತ್ರವನ್ನು ಮಾಡುವುದು ನಿಮ್ಮ ಕುದುರೆ. ನಾನು ಅದರ ಬೆನ್ನಿನ ಬಗ್ಗೆ ಇಷ್ಟು ಉದ್ದ ಬರೆದದ್ದು ಅದಕ್ಕೇ.

ಅಸಲಿ ಹಳೇ ಜೀನು ಎಲ್ಲಾದರೂ ಸಿಕ್ಕರೆ? ಭಾರತದ ಸೈನ್ಯದ್ದಾದರೆ ಲೋಹದ ಮೇಲೆ ಬಾಣದ ಗುರುತು, ಜೊತೆಗೆ ಇಂಗ್ಲಿಷಿನ ಐ ಅಕ್ಷರ ಹೊಡೆದಿರುತ್ತದೆ. ಅದರ ಮೇಲೆ ಹತ್ತಬೇಡಿ. ನೂರು ವರ್ಷದ ಚರ್ಮ ಒಳಗೊಳಗೇ ಪುಡಿಯಾಗಿರುತ್ತದೆ, ಉಜ್ಜಿದರೆ ಕೈಗೆ ಕೆಂಪು ಧೂಳು ಅಂಟುತ್ತದೆ. ಎಣ್ಣೆ ಸುರಿದು ಮೆತ್ತಗೆ ಮಾಡುವುದಕ್ಕೂ ಹೋಗಬೇಡಿ. ಅಳತೆ ತೆಗೆದು, ಫೋಟೋ ತೆಗೆದು, ಒಣಗಿದ ಜಾಗದಲ್ಲಿ ಜೋಪಾನವಾಗಿಡಿ. ನಿಮ್ಮ ಹೊಸ ಜೀನಿಗೆ ಅದೇ ಗುರು.

ಕೊಳ್ಳುವ ಕ್ರಮ ಕೇಳಿದರೆ, ಈ ವರ್ಷ ತಲೆಪಟ್ಟಿ, ಬಿಟ್, ಎದೆಪಟ್ಟಿ, ಕಂಬಳಿ ಇಷ್ಟು ತನ್ನಿ. ಸವಾರಿ ಈಗಿರುವ ಜೀನಿನಲ್ಲೇ ನಡೆಯಲಿ. ಕುದುರೆ ಇವಕ್ಕೆಲ್ಲಾ ಒಗ್ಗಿದ ಮೇಲೆ ಯು.ಪಿ. ಜೀನು ಬರಲಿ. ಮೊದಲ ವಾರ ಇಪ್ಪತ್ತು ನಿಮಿಷ ನಡಿಗೆ ಮಾತ್ರ. ಇಳಿದ ಕೂಡಲೇ ಜೀನು ಕಿತ್ತು ತೆಗೆಯಬೇಡಿ. ಗರ್ತ್ ಎರಡು ತೂತು ಸಡಿಲ ಮಾಡಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಒತ್ತಿದ್ದ ಜಾಗಕ್ಕೆ ರಕ್ತ ನಿಧಾನವಾಗಿ ಹರಿದು ಬರಲಿ. ಆಮೇಲೆ ಕಂಬಳಿ ಎತ್ತಿ ಬೆವರಿನ ಗುರುತು ನೋಡಿ. ಎರಡೂ ಪಕ್ಕ ಒಂದೇ ಸಮ ಒದ್ದೆ ಇದ್ದರೆ ಸರಿ. ಒದ್ದೆಯ ಮಧ್ಯೆ ರೂಪಾಯಿ ಅಗಲದ ಒಣ ಜಾಗ ಕಂಡರೆ, ಕೂದಲು ಅಲ್ಲಿ ಎದುರಾಗಿ ನಿಂತಿದ್ದರೆ, ಹಲಗೆ ಅಲ್ಲೇ ಒತ್ತುತ್ತಿದೆ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಫೋಟೋ ತೆಗೆದು ಜೀನಿನ ಜೊತೆಗೇ ಕಾನ್‌ಪುರಕ್ಕೆ ವಾಪಸ್ ಕಳಿಸಿ. ಅಲ್ಲಿ ಹಲಗೆಯನ್ನು ಅಷ್ಟು ಜಾಗ ಹೆರೆದು ಕೊಡುತ್ತಾರೆ, ಅರ್ಧ ದಿನದ ಕೆಲಸ.